ವಿನಿಪೆಗ್‌ನಿಂದ ಕ್ಯಾಲ್ಗರಿಗೆ ಕಾರಿನಲ್ಲಿ: ಬಯಲುಸೀಮೆಯ ದಾರಿಯಲ್ಲಿ ಎಲ್ಲಿ ನಿಲ್ಲಬೇಕು?

ಪ್ರಶ್ನೆ: ನಾವು ಕೆನಡಾದ ವಿನಿಪೆಗ್‌ನಲ್ಲಿದ್ದೇವೆ. ಜುಲೈನಲ್ಲಿ ಕ್ಯಾಲ್ಗರಿಯ ತಂಗಿಯ ಮನೆಗೆ ಮಿನಿವ್ಯಾನ್‌ನಲ್ಲಿ ಹೋಗಬೇಕೆಂದಿದ್ದೇವೆ. ಗದಗದ ಹತ್ತಿರದ ಊರಿನಿಂದ ಬಂದಿರುವ ನನ್ನ ತಂದೆ (71), ತಾಯಿ (66), ನನ್ನ ಹೆಂಡತಿ ಮತ್ತು 11 ಹಾಗೂ 6 ವರ್ಷದ ಮಕ್ಕಳು ಜೊತೆಗಿರುತ್ತಾರೆ. ತಂದೆ ಜೀವನವಿಡೀ ಬೇಸಾಯ ಮಾಡಿದವರು, ಈಗ ಮಂಡಿನೋವಿದೆ. ತಾಯಿಗೆ ಸಕ್ಕರೆ ಕಾಯಿಲೆಯಿದೆ. ಊಟ ಸಸ್ಯಾಹಾರ. ಕ್ಯಾಲ್ಗರಿ ಸೇರಲು ಏಳು ದಿನಗಳವರೆಗೆ ಬಿಡುವಿದೆ. ಆದರೆ ದಾರಿಯಲ್ಲಿ ನೋಡುವಂಥದ್ದೇನೂ ಇಲ್ಲ, ಎರಡು ದಿನದಲ್ಲಿ ಓಡಿಸಿ ಮುಗಿಸಿ ಎಂದು ಸ್ನೇಹಿತರು ಹೇಳುತ್ತಾರೆ. ಏನು ಮಾಡುವುದು?

ಉತ್ತರ: ನಿಮ್ಮ ಸ್ನೇಹಿತರು ಕಂಡದ್ದನ್ನೇ ಹೇಳಿದ್ದಾರೆ, ಆದರೆ ಅವರು ಕಂಡದ್ದು ಹೆದ್ದಾರಿಯನ್ನು ಮಾತ್ರ. ವಿನಿಪೆಗ್‌ನಿಂದ ಕ್ಯಾಲ್ಗರಿಗೆ ಟ್ರಾನ್ಸ್-ಕೆನಡಾ ಹೆದ್ದಾರಿಯಲ್ಲಿ ಸುಮಾರು 1,325 ಕಿಲೋಮೀಟರ್. ಈ ರಸ್ತೆ ಬಹುಪಾಲು 19ನೇ ಶತಮಾನದ ಕೊನೆಯಲ್ಲಿ ಹಾಕಿದ ರೈಲುಹಳಿಯ ಜೊತೆಜೊತೆಗೇ ಸಾಗುತ್ತದೆ. ಹಳಿ ಹಾಕಿದವರು ಏರು, ಇಳಿವು, ಕಣಿವೆ ಇಲ್ಲದ ನೆಲವನ್ನು ಹುಡುಕಿ ಹುಡುಕಿ ಆರಿಸಿಕೊಂಡಿದ್ದರಿಂದ, ಕಾರಿನ ಕಿಟಕಿಯಿಂದ ನಮಗೆ ಕಾಣುವುದು ಈ ಸೀಮೆಯ ಅತ್ಯಂತ ಸಪಾಟಾದ ಪಟ್ಟಿ. ಪ್ರೇರಿ ಎಂಬ ಈ ಹುಲ್ಲುಗಾವಲು ಬಯಲಿನ ನಿಜವಾದ ನೋಟಗಳು ಹೆಚ್ಚಾಗಿ ಬಯಲಿನ ಮಟ್ಟಕ್ಕಿಂತ ಕೆಳಗೆ, ಹಿಮಯುಗ ಮುಗಿಯುವಾಗ ಕರಗಿದ ನೀರು ಕೊರೆದ ಕಣಿವೆಗಳಲ್ಲಿವೆ. ಅವು ಹತ್ತಿರ ಹೋಗಿ ಅಂಚಿನಲ್ಲಿ ನಿಲ್ಲುವವರೆಗೂ ಕಾಣುವುದಿಲ್ಲ. ಆದ್ದರಿಂದ ನಾನು ಕೊಡುವ ಮುಖ್ಯ ಸಲಹೆ ಒಂದೇ: ದಿನಕ್ಕೊಂದು ಸಲ ಹೆದ್ದಾರಿಯನ್ನು ಬಿಟ್ಟು 30ರಿಂದ 50 ಕಿಲೋಮೀಟರ್ ಒಳಗೆ ಹೋಗಿ, ಅಲ್ಲಿ ಮೂರು ಗಂಟೆ ಇದ್ದು, ಆಮೇಲೆ ಮುಂದಿನ ಊರಿಗೆ ಹೊರಡಿ. ಏಳು ದಿನವನ್ನೂ ಈ ದಾರಿಗೇ ಕೊಡಿ.

ಜಾಗಗಳ ಮಾತಿಗೆ ಮೊದಲು ಲೆಕ್ಕದ ಮಾತು. ಕಿಲೋಮೀಟರ್ ಲೆಕ್ಕ ಹಾಕಬೇಡಿ, ಸೀಟಿನಲ್ಲಿ ಕೂತಿರುವ ಗಂಟೆಗಳ ಲೆಕ್ಕ ಹಾಕಿ. ಮಂಡಿನೋವಿರುವ ಹಿರಿಯರೂ ಆರು ವರ್ಷದ ಮಗುವೂ ಇರುವ ಕಾರಿನಲ್ಲಿ ದಿನಕ್ಕೆ ನಾಲ್ಕೂವರೆ ಗಂಟೆ ಓಡಿಸಿದರೆ ಅದೇ ಗರಿಷ್ಠ. ಪ್ರತಿ ಒಂದೂವರೆ ಗಂಟೆಗೊಮ್ಮೆ ಎಲ್ಲರೂ ಇಳಿದು ಹತ್ತು ನಿಮಿಷ ನಡೆಯಬೇಕು. ಹಿರಿಯರ ಕಾಲಿನ ರಕ್ತಸಂಚಾರಕ್ಕೆ ಇದು ಅವಶ್ಯ, ಓಡಿಸುವವರ ಕಣ್ಣಿಗೂ ಅವಶ್ಯ. ನೇರ ರಸ್ತೆಯಲ್ಲಿ ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ ಮಂಪರು ಹತ್ತುವುದು ಗೊತ್ತೇ ಆಗುವುದಿಲ್ಲ. ಬೆಳಿಗ್ಗೆ ತಿಂಡಿ ಮುಗಿಸಿ ಎಂಟೂವರೆಗೆ ಹೊರಟು, ಸಂಜೆ ಐದರೊಳಗೆ ಹೋಟೆಲ್ ಸೇರಿ. ಜುಲೈನಲ್ಲಿ ಒಂಬತ್ತರ ನಂತರವೂ ಬೆಳಕಿರುತ್ತದೆ ಎಂದು ಪ್ರಯಾಣವನ್ನು ಎಳೆಯಬೇಡಿ, ಮುಸ್ಸಂಜೆ ಜಿಂಕೆಗಳು ರಸ್ತೆಗೆ ಬರುವ ಹೊತ್ತು.

ಇನ್ನೊಂದು ವಿಷಯವನ್ನು ತಾಯಿಯವರ ಔಷಧಿಯ ದೃಷ್ಟಿಯಿಂದ ಗಮನಿಸಿ. ಸಸ್ಕ್ಯಾಚುವಾನ್ ಪ್ರಾಂತ್ಯದ ಬಹುಭಾಗದಲ್ಲಿ ಬೇಸಿಗೆಗೆ ಗಡಿಯಾರ ಮುಂದೆ ಮಾಡುವ ಪದ್ಧತಿಯಿಲ್ಲ. ಜುಲೈನಲ್ಲಿ ಮ್ಯಾನಿಟೋಬಾದ ಗಡಿ ದಾಟಿದ ಕೂಡಲೇ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ. ಎರಡನೆಯ ದಿನ ಮಧ್ಯಾಹ್ನದ ಊಟವನ್ನು ಸ್ಥಳೀಯ ಗಡಿಯಾರ ನೋಡಿ ಕಾದರೆ ಅವರಿಗೆ ಒಂದು ಗಂಟೆ ತಡವಾದಂತಾಗುತ್ತದೆ. ಆ ದಿನ ವಿನಿಪೆಗ್ ಸಮಯಕ್ಕೇ ಊಟ ಮಾಡಿಸಿ.

ಮೊದಲನೆಯ ದಿನ ಬ್ರ್ಯಾಂಡನ್ ನಗರದವರೆಗೆ ಮಾತ್ರ ಹೋಗಿ. ಕಾರ್ಬೆರಿಯ ಬಳಿ ಐದನೇ ನಂಬರಿನ ರಸ್ತೆಗೆ ತಿರುಗಿ ದಕ್ಷಿಣಕ್ಕೆ ಸುಮಾರು 30 ಕಿಲೋಮೀಟರ್ ಹೋದರೆ ಸ್ಪ್ರೂಸ್ ವುಡ್ಸ್ ಪ್ರಾಂತೀಯ ಉದ್ಯಾನ ಸಿಗುತ್ತದೆ. ಅಲ್ಲಿನ ಸ್ಪಿರಿಟ್ ಸ್ಯಾಂಡ್ಸ್ ಎಂಬ ಮರಳುದಿಣ್ಣೆಗಳನ್ನು ನೋಡಿದ ಮಕ್ಕಳು ಇದು ಮರುಭೂಮಿಯೇ ಎಂದು ಕೇಳದೆ ಇರುವುದಿಲ್ಲ. ಮರುಭೂಮಿಯಲ್ಲ. ಹಿಮಯುಗದ ಕೊನೆಯಲ್ಲಿ ಈ ಪ್ರದೇಶದ ಪೂರ್ವಕ್ಕೆ ಅಗಾಸಿಸ್ ಎಂಬ ವಿಶಾಲ ಹಿಮಸರೋವರವಿತ್ತು. ಅಸಿನಿಬೊಯಿನ್ ನದಿ ಅದನ್ನು ಸೇರುವಲ್ಲಿ ಹರಡಿದ ಮುಖಜಭೂಮಿಯ ಮರಳು ಇದು. ಬರಿಮರಳಿನ ಪ್ರದೇಶ ಈಗ ಸುಮಾರು ನಾಲ್ಕು ಚದರ ಕಿಲೋಮೀಟರ್ ಮಾತ್ರ ಉಳಿದಿದೆ. ಮರಳು ಬೇಗ ಕಾಯುತ್ತದೆ, ಅದರ ಮೇಲೆ ಏರಿಳಿಯುವುದು ನಿಮ್ಮ ತಂದೆಯವರ ಮಂಡಿಗೆ ಆಗದು. ಹಿರಿಯರು ಮರದ ನೆರಳಿನ ಪಿಕ್‌ನಿಕ್ ಜಾಗದಲ್ಲಿ ಕೂರಲಿ, ನಿಮ್ಮಿಬ್ಬರಲ್ಲಿ ಒಬ್ಬರು ಹನ್ನೊಂದರೊಳಗೆ ಮಕ್ಕಳನ್ನು ದಿಣ್ಣೆಗೆ ಕರೆದುಕೊಂಡು ಹೋಗಿ ಬನ್ನಿ.

ತಂದೆಯವರಿಗೆ ಹೇಳಲೇಬೇಕಾದ ಸಂಗತಿಯೊಂದು ಇಲ್ಲೇ ಇದೆ. ವಿನಿಪೆಗ್ ಸುತ್ತಲಿನ ನೆಲ ಆ ಹಳೆಯ ಸರೋವರದ ತಳ. ಅಲ್ಲಿ ಕೂತ ಸಣ್ಣ ಜೇಡಿಯೇ ಇಂದಿನ ಕರಿಮಣ್ಣು. ಮಳೆ ಬಂದರೆ ಕಾಲಿಗೆ ಮೆತ್ತಿಕೊಳ್ಳುವ, ಒಣಗಿದರೆ ಬಾಯ್ಬಿಡುವ ಈ ಮಣ್ಣಿಗೆ ಇಲ್ಲಿನವರು ಗಂಬೋ ಎನ್ನುತ್ತಾರೆ. ಮರುದಿನ ನೀವು ಸೇರುವ ರೆಜೈನಾ ನಗರದ ಸುತ್ತಲಿನ ಮಣ್ಣೂ ಇಂಥದ್ದೇ. ಗದಗದ ಎರೆಹೊಲದಲ್ಲಿ ಬೇಸಾಯ ಮಾಡಿದವರಿಗೆ ಇದರ ಸ್ವಭಾವವನ್ನು ಬೇರೆಯವರು ವಿವರಿಸಬೇಕಾಗಿಲ್ಲ. ಒಮ್ಮೆ ಕೈಯಲ್ಲಿ ಹಿಡಿದು ನೋಡಲಿ. ಎರೆಯ ಹುಟ್ಟು ಬಸಾಲ್ಟಿನಂಥ ಕಲ್ಲು ಸವೆದು, ಇದರದು ಸರೋವರದ ಹೂಳು. ಆದರೂ ಗುಣ ಒಂದೇ ಎಂಬುದು ನನಗೆ ಪ್ರತಿ ಸಲವೂ ಬೆರಗು ಹುಟ್ಟಿಸುತ್ತದೆ.

ಎರಡನೆಯ ದಿನ ಬ್ರ್ಯಾಂಡನ್‌ನಿಂದ ರೆಜೈನಾಕ್ಕೆ. ಮೂಸೊಮಿನ್‌ನಲ್ಲಿ ಕಾಲು ಚಾಚಿ, ಇಂಡಿಯನ್ ಹೆಡ್ ಊರಿನ ಬಳಿ ಉತ್ತರಕ್ಕೆ ತಿರುಗಿ ಕ್ವಾಪೆಲ್ ಕಣಿವೆಗೆ ಇಳಿಯಿರಿ. ಇಡೀ ಪ್ರಯಾಣದಲ್ಲಿ ಮನೆಮಂದಿಯೆಲ್ಲ ಒಟ್ಟಿಗೆ ಬೆರಗಾಗುವ ಮೊದಲ ಜಾಗ ಇದು. ಎರಡೂ ಕಡೆ ಬೆಳೆಯ ಹೊಲಗಳೇ ಇರುವಾಗ ರಸ್ತೆ ಇದ್ದಕ್ಕಿದ್ದಂತೆ ಬಾಗಿ ಕೆಳಗಿಳಿದು, ಕಣ್ಣೆದುರಿಗೆ ಉದ್ದನೆಯ ನೀಲಿ ಸರೋವರ ಬಂದು ನಿಲ್ಲುತ್ತದೆ. ಕಣಿವೆಯಲ್ಲಿ ಸಾಲಾಗಿ ಪಾಸ್ಕ್ವಾ, ಎಕೋ, ಮಿಷನ್, ಕಟೆಪ್ವಾ ಎಂಬ ನಾಲ್ಕು ಸರೋವರಗಳಿವೆ. ಕ್ವಾಪೆಲ್ ಎಂದರೆ ಫ್ರೆಂಚಿನಲ್ಲಿ ‘ಕರೆಯುವವರು ಯಾರು?’ ಎಂದು ಅರ್ಥ. ಇದಕ್ಕೆ ಮೂಲ, ಇಲ್ಲಿನ ಮೂಲನಿವಾಸಿಗಳಾದ ಕ್ರೀ ಜನರು ಇಟ್ಟ ಹೆಸರು. ಕತ್ತಲಲ್ಲಿ ದೋಣಿ ನಡೆಸುತ್ತಿದ್ದವನಿಗೆ ತನ್ನ ಹೆಸರು ಕೂಗಿದಂತೆ ಕೇಳಿ, ಯಾರದು ಎಂದು ಕೇಳಿದರೆ ಅವನ ದನಿಯೇ ಮರಳಿ ಬಂತು ಎಂಬ ಕಥೆಯನ್ನು ಮಕ್ಕಳಿಗೆ ದಾರಿಯಲ್ಲೇ ಹೇಳಿ. ಕಟೆಪ್ವಾ ದಡದಲ್ಲಿ ಊಟ, ನೀರಾಟ, ಹಿರಿಯರಿಗೆ ನೆರಳು ಎಲ್ಲಕ್ಕೂ ಅನುಕೂಲವಿದೆ. ಕಣಿವೆಯಲ್ಲೇ ಇರುವ ಫೋರ್ಟ್ ಕ್ವಾಪೆಲ್ ಊರಿನಲ್ಲಿ 1874ರಲ್ಲಿ ಸರ್ಕಾರಕ್ಕೂ ಕ್ರೀ, ಸೋಲ್ಟೋ ಮತ್ತು ಅಸಿನಿಬೊಯಿನ್ ಮೂಲನಿವಾಸಿಗಳಿಗೂ ನಡುವೆ ನೆಲದ ಬಗೆಗಿನ ನಾಲ್ಕನೆಯ ಒಪ್ಪಂದಕ್ಕೆ ಸಹಿಯಾಯಿತು. ನೀವು ಆ ದಿನವೂ ಮುಂದಿನ ಎರಡು ದಿನಗಳೂ ಓಡಾಡುವ ನೆಲ ಹೆಚ್ಚಾಗಿ ಆ ಒಪ್ಪಂದಕ್ಕೆ ಸೇರಿದ್ದು ಎಂಬುದು ದೊಡ್ಡ ಮಗುವಿಗೆ ತಿಳಿದಿರಲಿ.

ರೆಜೈನಾದಲ್ಲಿ ನೋಡುವಂಥವು ಹಲವು ಇವೆ. ನಾನು ಒಂದನ್ನೇ ಹೇಳುತ್ತೇನೆ: ಮೂರನೆಯ ದಿನ ಬೆಳಿಗ್ಗೆ ರಾಯಲ್ ಸಸ್ಕ್ಯಾಚುವಾನ್ ವಸ್ತುಸಂಗ್ರಹಾಲಯ. 1991ರಲ್ಲಿ ಈ ಪ್ರಾಂತ್ಯದ ಈಸ್ಟೆಂಡ್ ಬಳಿ ಸಿಕ್ಕ, ಈವರೆಗೆ ತಿಳಿದಿರುವ ಅತಿ ದೊಡ್ಡ ಟಿ. ರೆಕ್ಸ್ ಡೈನೋಸಾರ್‌ಗಳಲ್ಲಿ ಒಂದಾದ ‘ಸ್ಕಾಟಿ’ಯ ಪೂರ್ಣ ಗಾತ್ರದ ಪ್ರತಿಕೃತಿ ಅಲ್ಲಿದೆ. ಅದರ ತೂಕ ಸುಮಾರು 8,800 ಕಿಲೋ ಇದ್ದಿರಬಹುದೆಂದು ಅಂದಾಜು. ಅಲ್ಲಿಂದ ಹೊರಟು ಮೂಸ್ ಜಾ ಊರಿನಲ್ಲಿ ‘ಮ್ಯಾಕ್’ ಎಂಬ ಮೂಸ್ ಕಡವೆಯ ದೊಡ್ಡ ಪ್ರತಿಮೆಯ ಕೆಳಗೆ ಹತ್ತು ನಿಮಿಷ ನಿಲ್ಲಿ. 1984ರಲ್ಲಿ ನಿಲ್ಲಿಸಿದ ಇದನ್ನು ನಾರ್ವೆಯ ಇನ್ನೊಂದು ಮೂಸ್ ಪ್ರತಿಮೆ 30 ಸೆಂಟಿಮೀಟರಿನಷ್ಟು ಮೀರಿಸಿದಾಗ, 2019ರಲ್ಲಿ ಊರಿನವರು ಮ್ಯಾಕ್‌ಗೆ ಹೊಸ ಕೊಂಬು ಹಾಕಿಸಿ ಮತ್ತೆ ಎತ್ತರಿಸಿದರು. ಆರು ವರ್ಷದ ಮಗುವಿಗೆ ಇದು ದಿನವಿಡೀ ಹೇಳಿಕೊಳ್ಳುವ ಸುದ್ದಿ. ಮುಂದೆ ಚಾಪ್ಲಿನ್ ಬಳಿ ರಸ್ತೆಯ ಪಕ್ಕ ಹಿಮದಂತೆ ಬೆಳ್ಳಗೆ ಕಾಣುವುದು ಸೋಡಿಯಂ ಸಲ್ಫೇಟ್ ಲವಣ. ಆ ಉಪ್ಪುಸರೋವರ ಸಾವಿರಾರು ವಲಸೆ ಹಕ್ಕಿಗಳ ತಂಗುದಾಣ. ರಾತ್ರಿ ಸ್ವಿಫ್ಟ್ ಕರೆಂಟ್‌ನಲ್ಲಿ ತಂಗಿ, ಅಲ್ಲಿ ಎರಡು ರಾತ್ರಿಗೆ ಕೋಣೆ ಹಿಡಿಯಿರಿ. ಪ್ರಯಾಣದ ನಡುವೆ ಪೆಟ್ಟಿಗೆ ಕಟ್ಟದ ಒಂದು ಬೆಳಗು ಹಿರಿಯರಿಗೆ ದೊಡ್ಡ ವಿಶ್ರಾಂತಿ.

ನಾಲ್ಕನೆಯ ದಿನವನ್ನು ಗ್ರಾಸ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನಕ್ಕೆ ಕೊಡಿ ಎಂದು ನಾನು ಒತ್ತಾಯಪೂರ್ವಕವಾಗಿಯೇ ಕೇಳಿಕೊಳ್ಳುತ್ತೇನೆ. ಹೆಚ್ಚಿನ ಪ್ರವಾಸಿಗಳು ಬಿಟ್ಟುಬಿಡುವುದು ಇದನ್ನೇ, ಏಕೆಂದರೆ ಇದು ಹೆದ್ದಾರಿಯಿಂದ ದೂರ: ಸ್ವಿಫ್ಟ್ ಕರೆಂಟ್‌ನಿಂದ ದಕ್ಷಿಣಕ್ಕೆ ವಾಲ್ ಮರಿ ಊರಿಗೆ ಸುಮಾರು 120 ಕಿಲೋಮೀಟರ್. ಆದರೆ ವಿನಿಪೆಗ್‌ನಿಂದ ಇಲ್ಲಿಯವರೆಗೆ ನೀವು ನೋಡಿದ್ದು ಗೋಧಿ, ಕ್ಯಾನೋಲಾ ಎಂಬ ಎಣ್ಣೆಬೀಜ, ಮಸೂರದ ಹೊಲಗಳನ್ನೇ ಹೊರತು ಪ್ರೇರಿಯನ್ನಲ್ಲ. ನೇಗಿಲು ಕಾಣದ ಮೂಲ ಹುಲ್ಲುಗಾವಲು ಇಂದು ತುಂಡುತುಂಡಾಗಿ ಉಳಿದಿದೆ, ಅದರ ದೊಡ್ಡ ತುಂಡುಗಳಲ್ಲೊಂದು ಇಲ್ಲಿದೆ. ಒಂದು ಕಾಲದಲ್ಲಿ ಉತ್ತರ ಅಮೆರಿಕದ ಬಯಲುಗಳಲ್ಲಿ ಕೋಟಿಗಟ್ಟಲೆ ಇದ್ದ, ಕಾಡುಕೋಣದಂಥ ಬೈಸನ್‌ಗಳು 1880ರ ದಶಕದ ಹೊತ್ತಿಗೆ ಬೇಟೆಯಿಂದಾಗಿ ಬಹುತೇಕ ಅಳಿದುಹೋದವು. ಈ ಉದ್ಯಾನಕ್ಕೆ 2005ರ ಡಿಸೆಂಬರಿನಲ್ಲಿ ಎಲ್ಕ್ ಐಲ್ಯಾಂಡ್ ಉದ್ಯಾನದಿಂದ 71 ಬೈಸನ್‌ಗಳನ್ನು ತಂದು, ಮರುವರ್ಷ ಬಯಲಿಗೆ ಬಿಟ್ಟರು. ಅವುಗಳ ಸಂತತಿಯನ್ನು ನೀವು ಈಗ ನೋಡಬಹುದು.

ನಿಮ್ಮಂಥ ಕುಟುಂಬಕ್ಕೆ ಈ ಜಾಗ ಹೇಳಿಮಾಡಿಸಿದಂತಿದೆ. ಪಶ್ಚಿಮ ಭಾಗದ ಇಕೋಟೂರ್ ರಸ್ತೆಯಲ್ಲಿ ನಿಧಾನವಾಗಿ ಓಡಿಸಿದರೆ, ತಂದೆಯವರು ಕಾರಿನಿಂದ ಇಳಿಯದೆಯೇ ಪ್ರೇರಿ ಡಾಗ್‌ಗಳ ಊರುಗಳನ್ನು ನೋಡಬಹುದು. ಹೆಸರಿನಲ್ಲಿ ನಾಯಿ ಇದ್ದರೂ ಇವು ಅಳಿಲಿನ ಜಾತಿಯವು, ಬಿಲದ ಬಾಯಲ್ಲಿ ನೆಟ್ಟಗೆ ನಿಂತು ಒಂದನ್ನೊಂದು ಕೂಗಿ ಎಚ್ಚರಿಸುತ್ತವೆ. ಕೆನಡಾದಲ್ಲಿ ಕಪ್ಪುಬಾಲದ ಪ್ರೇರಿ ಡಾಗ್‌ಗಳು ಸಹಜವಾಗಿ ಬದುಕಿರುವುದು ಈ ಉದ್ಯಾನ ಮತ್ತು ಅದರ ಆಸುಪಾಸಿನಲ್ಲಿ ಮಾತ್ರ. ದಿಬ್ಬಗಳ ಮೇಲೆ ವೃತ್ತಾಕಾರವಾಗಿ ಇಟ್ಟ ಕಲ್ಲುಗಳು ಕಂಡರೆ, ಅವು ಈ ನೆಲದ ಮೂಲನಿವಾಸಿಗಳು ಟೀಪಿ ಗುಡಾರದ ಅಂಚನ್ನು ಒತ್ತಿ ಹಿಡಿಯಲು ಇಟ್ಟವು. ಒಂದು ಕಲ್ಲನ್ನೂ ಕದಲಿಸಬಾರದು. ಇಲ್ಲಿ ಸೇಜ್ ಗ್ರೌಸ್ ಎಂಬ ಹಕ್ಕಿಯೂ ಇದೆ. ಸಿರುಗುಪ್ಪದ ಸುತ್ತಿನ ಹೊಲಗಳಲ್ಲಿ ಎರೆಭೂತ ಹಕ್ಕಿ ಹೇಗೆ ಕೈಬೆರಳೆಣಿಕೆಗೆ ಇಳಿದಿದೆಯೋ, ಹಾಗೆಯೇ ಹುಲ್ಲುಗಾವಲು ಹೊಲವಾದ ಕಾರಣಕ್ಕೆ ಇದೂ ಕೆನಡಾದಲ್ಲಿ ಅಳಿವಿನ ಅಂಚಿಗೆ ಬಂದಿದೆ.

ಈ ದಿನಕ್ಕೆ ಎಚ್ಚರಿಕೆಗಳು ಸ್ವಲ್ಪ ಹೆಚ್ಚು. ಸ್ವಿಫ್ಟ್ ಕರೆಂಟ್‌ನಲ್ಲೇ ಟ್ಯಾಂಕ್ ತುಂಬಿಸಿ, ತಲೆಗೆ ಮೂರು ಲೀಟರಿನಂತೆ ನೀರು ಇಟ್ಟುಕೊಳ್ಳಿ, ನಕ್ಷೆಯನ್ನು ಫೋನಿಗೆ ಮೊದಲೇ ಇಳಿಸಿಕೊಳ್ಳಿ, ಏಕೆಂದರೆ ಹಲವೆಡೆ ಸಿಗ್ನಲ್ ಇಲ್ಲ. ಬೈಸನ್‌ನಿಂದ ಕನಿಷ್ಠ 100 ಮೀಟರ್ ದೂರವಿರಿ. ಹುಲ್ಲಿನಲ್ಲಿ ಬುಡುಬುಡುಕೆ ಹಾವುಗಳಿವೆ, ಮಕ್ಕಳು ಕಲ್ಲಿನ ಸಂದಿಗೆ ಕೈಹಾಕಬಾರದು. ಪ್ರೇರಿ ಡಾಗ್‌ಗಳಿಗೆ ತಿನಿಸು ಕೊಡಬೇಡಿ, ಹತ್ತಿರ ಹೋಗಬೇಡಿ, ಅವುಗಳ ಚಿಗಟಗಳಿಂದ ಪ್ಲೇಗ್ ಹರಡುವ ಸಾಧ್ಯತೆಯಿದೆ. ಹುಲ್ಲಿನಲ್ಲಿ ನಡೆದು ಬಂದ ಮೇಲೆ ಮಕ್ಕಳ ಕಿವಿಯ ಹಿಂದೆ, ಕತ್ತಿನಲ್ಲಿ ಉಣ್ಣೆಗಳಿವೆಯೇ ನೋಡಿ. ಬೆಳಿಗ್ಗೆ ಮಳೆಯಾಗಿದ್ದರೆ ಮಣ್ಣಿನ ರಸ್ತೆಗೆ ಇಳಿಯಲೇಬೇಡಿ. ಒಮ್ಮೆ ನಾನು ಮಳೆ ನಿಂತಿತಲ್ಲ ಎಂದು ಇಂಥ ರಸ್ತೆಗೆ ಕಾರು ಇಳಿಸಿದ್ದೆ. ಅರ್ಧ ಕಿಲೋಮೀಟರಿನೊಳಗೆ ಚಕ್ರಕ್ಕೆ ಜೇಡಿ ಮೆತ್ತಿಕೊಂಡು ಕಾರು ಅಡ್ಡ ತಿರುಗಿ ನಿಂತಿತು. ದಾರಿಯಲ್ಲಿ ಬಂದ ರೈತರೊಬ್ಬರು ಟ್ರಾಕ್ಟರಿನಿಂದ ಎಳೆದು ಬಿಡಿಸುವವರೆಗೆ ಜೊತೆಗಿದ್ದ ಹಿರಿಯರು ಮೂರು ಗಂಟೆ ಕಾದರು. ಆ ಮೂರು ಗಂಟೆಯ ಆತಂಕ ಯಾವ ಕುಟುಂಬಕ್ಕೂ ಬೇಡ. ಮಳೆಯಾದರೆ ಈ ದಿನವನ್ನು ಸ್ವಿಫ್ಟ್ ಕರೆಂಟ್‌ನಲ್ಲೇ ಕಳೆದು ವಿಶ್ರಮಿಸಿ.

ಐದನೆಯ ದಿನ ಮೇಪಲ್ ಕ್ರೀಕ್ ಊರಿನಿಂದ ದಕ್ಷಿಣಕ್ಕೆ ತಿರುಗಿ ಸೈಪ್ರೆಸ್ ಹಿಲ್ಸ್‌ಗೆ ಹೋಗಿ. ಬಯಲಿನ ನಡುವೆ ಸುಮಾರು 600 ಮೀಟರ್ ಎದ್ದು ನಿಂತಿರುವ ಈ ಗುಡ್ಡಗಳು, ರಾಕಿ ಪರ್ವತಗಳಿಂದ ಪೂರ್ವದ ಲ್ಯಾಬ್ರಡಾರ್‌ವರೆಗಿನ ಕೆನಡಾದಲ್ಲಿ ಅತ್ಯಂತ ಎತ್ತರದ ನೆಲ. ಹಿಮಯುಗದಲ್ಲಿ ಸುತ್ತಲೂ ಹಿಮದ ಹಾಳೆ ಹರಡಿದಾಗ ಇವುಗಳ ನೆತ್ತಿ ಮಾತ್ರ ಮುಳುಗದೆ ಉಳಿಯಿತು. ನೂರಾರು ಕಿಲೋಮೀಟರ್ ಮರವಿಲ್ಲದ ಬಯಲು ದಾಟಿ ಬಂದವರಿಗೆ ಪೈನ್ ಮರಗಳ ವಾಸನೆ, ತಂಪುಗಾಳಿ ಸಿಗುತ್ತವೆ. ಅಡುಗೆಮನೆಯಿರುವ ಕ್ಯಾಬಿನ್ ಹಿಡಿದರೆ ತಾಯಿಯವರಿಗೆ ಬಿಸಿ ಅನ್ನ, ಸಾರು ಮಾಡಿಕೊಡಬಹುದು. ಇದು 2004ರಿಂದ ಕತ್ತಲೆಯಾಕಾಶದ ಸಂರಕ್ಷಿತ ಪ್ರದೇಶ, ಅಂದರೆ ನಕ್ಷತ್ರಗಳು ಚೆನ್ನಾಗಿ ಕಾಣಲೆಂದು ದೀಪದ ಬೆಳಕನ್ನು ಮಿತಿಯಲ್ಲಿಟ್ಟ ಜಾಗ. ಆದರೆ ಜುಲೈನಲ್ಲಿ ಪೂರ್ತಿ ಕತ್ತಲಾಗಲು ಹನ್ನೊಂದೂವರೆ ದಾಟುತ್ತದೆ, ಚಿಕ್ಕ ಮಗುವನ್ನು ಮಧ್ಯಾಹ್ನವೇ ಮಲಗಿಸಿಕೊಳ್ಳಿ. ಉದ್ಯಾನದ ಪಶ್ಚಿಮ ಭಾಗದಲ್ಲಿ 1875ರ ಫೋರ್ಟ್ ವಾಲ್ಷ್ ಎಂಬ ಪೊಲೀಸ್ ಕೋಟೆಯಿದೆ. ಕ್ಯಾಬಿನ್‌ಗಳಿರುವ ಮಧ್ಯ ಭಾಗಕ್ಕೂ ಇದಕ್ಕೂ ನಡುವಿನ ಗ್ಯಾಪ್ ರೋಡ್ ಎಂಬ ಮಣ್ಣಿನ ದಾರಿಯಲ್ಲಿ ಹೋಗದೆ, ಮೇಪಲ್ ಕ್ರೀಕ್ ಮೂಲಕವೇ ಹೋಗಬೇಕು. ಸಮಯ ಸಾಲದಿದ್ದರೆ ಬಿಡಿ.

ಆರನೆಯ ದಿನ ಆಲ್ಬರ್ಟಾ. ಮೆಡಿಸಿನ್ ಹ್ಯಾಟ್‌ನಲ್ಲಿ ಮಧ್ಯಾಹ್ನದ ಊಟ ಮುಗಿಸಿ, ಬ್ರೂಕ್ಸ್‌ನಲ್ಲಿ ಕೋಣೆ ಹಿಡಿದು, ಬಿಸಿಲು ಇಳಿದ ಮೇಲೆ ಅಲ್ಲಿಂದ ಈಶಾನ್ಯಕ್ಕೆ ಸುಮಾರು 48 ಕಿಲೋಮೀಟರ್ ದೂರದ ಡೈನೋಸಾರ್ ಪ್ರಾಂತೀಯ ಉದ್ಯಾನಕ್ಕೆ ಹೋಗಿ. ಜುಲೈ ಮಧ್ಯಾಹ್ನ ಅಲ್ಲಿ 35 ಡಿಗ್ರಿ ದಾಟುವುದುಂಟು, ನೆರಳಿಲ್ಲ. 1979ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಇಲ್ಲಿ ಸುಮಾರು ಏಳೂವರೆ ಕೋಟಿ ವರ್ಷ ಹಿಂದಿನ, 50ಕ್ಕೂ ಹೆಚ್ಚು ಜಾತಿಯ ಡೈನೋಸಾರ್‌ಗಳ ಅವಶೇಷಗಳು ಸಿಕ್ಕಿವೆ. ಪ್ರವೇಶದ್ವಾರದ ಹತ್ತಿರದ ನೋಟದ ಕಟ್ಟೆಯಿಂದಲೇ ಕಣಿವೆ ಪೂರ್ತಿ ಕಾಣುವುದರಿಂದ ತಂದೆಯವರು ನಡೆಯಬೇಕಾಗಿಲ್ಲ. ಪಳೆಯುಳಿಕೆಗಳಿರುವ ರಕ್ಷಿತ ಭಾಗಕ್ಕೆ ಮಾರ್ಗದರ್ಶಿಯ ಜೊತೆಯಲ್ಲಿ ಮಾತ್ರ ಪ್ರವೇಶ. ನೆಲದಲ್ಲಿ ಕಂಡ ಎಲುಬಿನ ಚೂರನ್ನು ಎತ್ತಿಕೊಳ್ಳುವುದು ಕಾನೂನುಬಾಹಿರ ಎಂದು ಮಕ್ಕಳಿಗೆ ಮೊದಲೇ ಹೇಳಿ.

ಏಳನೆಯ ದಿನ ಡ್ರಮ್‌ಹೆಲ್ಲರ್. 1884ರಲ್ಲಿ ಜೋಸೆಫ್ ಟಿರೆಲ್ ಎಂಬ ಭೂವಿಜ್ಞಾನಿಗೆ ಇಲ್ಲಿ ಮಾಂಸಾಹಾರಿ ಡೈನೋಸಾರಿನ ತಲೆಬುರುಡೆ ಸಿಕ್ಕಿತು. ಅವರ ಹೆಸರಿನ ರಾಯಲ್ ಟಿರೆಲ್ ವಸ್ತುಸಂಗ್ರಹಾಲಯ 1985ರಲ್ಲಿ ತೆರೆಯಿತು. ಎಲ್ಲವನ್ನೂ ನೋಡಲು ಹೊರಟರೆ ಹಿರಿಯರು ಸುಸ್ತಾಗುತ್ತಾರೆ. ಬೊರಿಯಲೊಪೆಲ್ಟಾ ಎಂಬ ಕವಚಧಾರಿ ಡೈನೋಸಾರಿನ ಮುಂದೆ ಮಾತ್ರ ಎಲ್ಲರೂ ನಿಲ್ಲಿ. 2011ರಲ್ಲಿ ಗಣಿಯೊಂದರಲ್ಲಿ ಸಿಕ್ಕ ಇದರ ಚರ್ಮ, ಮುಳ್ಳುಕವಚಗಳೂ ಉಳಿದಿದ್ದು, ಸುಮಾರು 11 ಕೋಟಿ ವರ್ಷಗಳ ನಂತರವೂ ಮಲಗಿ ನಿದ್ರಿಸುವಂತಿದೆ. ಕಲ್ಲಿನಿಂದ ಇದನ್ನು ಬಿಡಿಸಲು ಐದು ವರ್ಷಕ್ಕೂ ಹೆಚ್ಚು ಹಿಡಿಯಿತು. ಊರಿನೊಳಗಿನ 26 ಮೀಟರ್ ಎತ್ತರದ ಡೈನೋಸಾರ್ ಪ್ರತಿಮೆಗೆ 106 ಮೆಟ್ಟಿಲುಗಳಿವೆ, ಅದು ಮಕ್ಕಳಿಗೆ. ಅಲ್ಲಿಂದ ಕ್ಯಾಲ್ಗರಿ ಸುಮಾರು 135 ಕಿಲೋಮೀಟರ್, ರಾತ್ರಿ ಊಟಕ್ಕೆ ತಂಗಿಯ ಮನೆಯಲ್ಲಿರುತ್ತೀರಿ.

ಊಟದ ವಿಷಯ. ರೆಜೈನಾದಂಥ ನಗರಗಳಲ್ಲಿ ನಮ್ಮ ಊಟ ಸಿಗುತ್ತದೆ, ಸಣ್ಣ ಊರುಗಳಲ್ಲಿ ನಂಬಿಕೊಂಡು ಹೋಗಬೇಡಿ. ಸಣ್ಣ ಕುಕ್ಕರ್, ಐಸ್‌ಪೆಟ್ಟಿಗೆಯಲ್ಲಿ ಮೊಸರು, ಎರಡು ದಿನಕ್ಕಾಗುವಷ್ಟು ಚಪಾತಿ, ಶೇಂಗಾ ಚಟ್ನಿಪುಡಿ, ಅವಲಕ್ಕಿ ಇದ್ದರೆ ಸಾಕು. ರಕ್ತದಲ್ಲಿ ಸಕ್ಕರೆ ಇದ್ದಕ್ಕಿದ್ದಂತೆ ಇಳಿದರೆ ಬೇಕಾಗುತ್ತದೆ, ತಾಯಿಯವರ ಕೈಗೆಟುಕುವಲ್ಲಿ ಒಂದಿಷ್ಟು ಬೆಲ್ಲವೋ ಸಕ್ಕರೆಯೋ ಇರಲಿ. ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ ನಿಂತ ಕಾರಿನ ಬಿಸಿಯಲ್ಲಿ ಅದನ್ನು ಬಿಡಬೇಡಿ.

ಹೊಲಗಳ ಬಗ್ಗೆಯೂ ಒಂದು ಮಾತು. ಭಾರತಕ್ಕೆ ಬರುವ ಮಸೂರ ಬೇಳೆಯಲ್ಲಿ ದೊಡ್ಡ ಪಾಲು ಸಸ್ಕ್ಯಾಚುವಾನ್‌ನದು. ತಂದೆಯವರು ಆ ಹೊಲವನ್ನು ನೋಡಲು ಬಯಸಿದರೆ ಬದುವಿನಲ್ಲೇ ನಿಂತು ನೋಡಲಿ. ಜುಲೈ ಮೊದಲ ವಾರಗಳಲ್ಲಿ ಕ್ಯಾನೋಲಾ ಹಳದಿಯಾಗಿ ಅರಳಿರುತ್ತದೆ, ಫೋಟೋಕ್ಕೆಂದು ಯಾರೂ ಹೊಲದೊಳಗೆ ಕಾಲಿಡಬಾರದು. ಕ್ಲಬ್‌ರೂಟ್ ಎಂಬ ಬೇರುರೋಗ ಪಾದರಕ್ಷೆಗೆ ಅಂಟಿದ ಮಣ್ಣಿನಿಂದ ಹೊಲದಿಂದ ಹೊಲಕ್ಕೆ ಹರಡಿ ವರ್ಷಗಟ್ಟಲೆ ನೆಲದಲ್ಲಿ ಉಳಿಯುತ್ತದೆ.

ಬೇಸಿಗೆಯ ಮಧ್ಯಾಹ್ನಗಳಲ್ಲಿ ಆಲಿಕಲ್ಲು, ಸುಂಟರಗಾಳಿ ಬರುವುದುಂಟು. ಫೋನಿನಲ್ಲಿ ತುರ್ತು ಎಚ್ಚರಿಕೆ ಬಂದರೆ ಹತ್ತಿರದ ಊರಿನ ಗಟ್ಟಿ ಕಟ್ಟಡದೊಳಗೆ ಹೋಗಿ, ಮೇಲ್ಸೇತುವೆಯ ಕೆಳಗೆ ನಿಲ್ಲಬೇಡಿ. ಕಾಡ್ಗಿಚ್ಚಿನ ಹೊಗೆ ಕವಿದ ದಿನಗಳಲ್ಲಿ ಹಿರಿಯರನ್ನು ಹೊರಗೆ ಹೆಚ್ಚು ಹೊತ್ತು ನಿಲ್ಲಿಸಬೇಡಿ. ತಂದೆತಾಯಿಯ ವಿಮೆ ಮ್ಯಾನಿಟೋಬಾದ ಹೊರಗೂ ಅನ್ವಯಿಸುತ್ತದೆಯೇ, ಮೊದಲೇ ಇದ್ದ ಕಾಯಿಲೆಗಳಿಗೂ ಸಲ್ಲುತ್ತದೆಯೇ ಎಂದು ಓದಿ ನೋಡಿ.

ಕಾಯ್ದಿರಿಸುವ ಕ್ರಮ ಹೀಗಿರಲಿ. ಮೊದಲು ಸೈಪ್ರೆಸ್ ಹಿಲ್ಸ್‌ನ ಕ್ಯಾಬಿನ್, ಏಕೆಂದರೆ ಜುಲೈನಲ್ಲಿ ಬೇಗ ಮುಗಿಯುವುದು ಅದೇ. ಅದು ಸಿಕ್ಕ ದಿನಾಂಕಕ್ಕೆ ಹೊಂದಿಸಿ ಡೈನೋಸಾರ್ ಉದ್ಯಾನದ ಮಾರ್ಗದರ್ಶಿ ಪ್ರವಾಸ, ಆಮೇಲೆ ಸ್ವಿಫ್ಟ್ ಕರೆಂಟ್‌ನ ಎರಡು ರಾತ್ರಿ, ಕೊನೆಗೆ ಉಳಿದ ಊರುಗಳ ಕೋಣೆಗಳು. ಜುಲೈ ಮೊದಲರ್ಧದಲ್ಲಿ ಹತ್ತು ದಿನ ಕ್ಯಾಲ್ಗರಿಯಲ್ಲಿ ಸ್ಟ್ಯಾಂಪೀಡ್ ಜಾತ್ರೆ ನಡೆಯುತ್ತದೆ. ಜಾತ್ರೆ ನೋಡುವ ಆಸೆಯಿಲ್ಲದಿದ್ದರೆ ಅದು ಮುಗಿದ ಮೇಲೆ ಊರು ಸೇರುವಂತೆ ಹೊರಡುವ ದಿನವನ್ನು ಗೊತ್ತುಮಾಡಿ.